ಬಾತುಗಳ ಶೋಕ

ಅವರು ಹೋಗೋ ಹಿಂದಿನ ದಿನ ನಾವು ಬಾತುಗಳ ವಿಷಯಕ್ಕೆ ಜಗಳ ಆಡಿದೆವು.

"ಚಳಿಗೂ ಮೊಟ್ಟೆ ಇಡ್ತವೆ, ಬಿಸಿಲಿಗೂ ಇಡ್ತವೆ. ನಿನ್ನ ಕೋಳಿಗಳ ಹಾಗೆ ಮೂತಿ ಊದಿಸಿಕೊಂಡು ಕೂರಲ್ಲ," ಅಂದರು ನಮ್ಮ ಯಜಮಾನರು.

"ಮೂತಿ ಊದಿಸೋದು ಕೋಳಿ ಮಾತ್ರನಾ?"

"ನಾನು ಯಾರ ಹೆಸರೂ ಹೇಳಲಿಲ್ಲ ಕಣೆ."

"ಆರು ಬಾತು ಸಾಕೋದು ಮಹಾ ವಿದ್ಯೆನಾ? ನಾನಾದರೆ ಒಂದೇ ಕೈಯಲ್ಲಿ ಸಾಕ್ತೀನಿ."

ಅವರು ನಕ್ಕರು. ಮಾರನೇ ದಿನ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಬಾತುಗಳು ನನ್ನ ಕೈಗೆ ಬಂದವು. ನನಗೆ ನಿದ್ದೆ ಇಲ್ಲ. ಕತ್ತಲಿರುವಾಗಲೇ ಎದ್ದು ಗೂಡಿನ ಬಾಗಿಲು ತೆಗೆದುಬಿಡುತ್ತಿದ್ದೆ. ಅವಾದರೂ ಹಾಯಾಗಿರಲಿ ಅಂತ. ಸಾಲಾಗಿ ಹಿತ್ತಲಿನ ಹೊಂಡಕ್ಕೆ ಹೋಗುತ್ತಿದ್ದವು. ಗೂಡಿನಲ್ಲಿ ಕೈಯಾಡಿಸಿದರೆ ಬರೀ ಹುಲ್ಲು. ಒಂದು ದಿನ ಅಲ್ಲ, ಹದಿನೈದು ದಿನ.

ಅವರನ್ನು ನೆನೆಸಿಕೊಂಡು ಮೊಟ್ಟೆ ಇಡೋದು ಬಿಟ್ಟಿವೆ ಅಂದುಕೊಂಡೆ. ಸುಳ್ಳು ಯಾಕೆ, ಸಮಾಧಾನವೂ ಆಯಿತು. ಅಳುವವಳು ನಾನೊಬ್ಬಳೇ ಅಲ್ಲವಲ್ಲ.

ನಾಲ್ಕು ದಿನ ಜೊತೆಗಿರಲು ನಾದಿನಿ ಬಂದಳು. ಬಾತುಗಳು ಶೋಕದಲ್ಲಿವೆ, ಮೊಟ್ಟೆ ಇಡ್ತಿಲ್ಲ ಅಂದೆ. "ಇಡದ ಬಾತಿಗೆ ಕಾಳು ಯಾಕೆ ದಂಡ, ಅತ್ತಿಗೆ? ಮಾಂಸದ ಅಂಗಡಿಯವನಿಗೆ ಕೊಟ್ಟುಬಿಡಿ."

"ಭಾನುವಾರದ ತನಕ ಒಂದು ಮೊಟ್ಟೆ ಬರಲಿಲ್ಲ ಅಂದ್ರೆ ಕೊಡ್ತೀನಿ," ಅಂದೆ. ಬಾಯಿ ತಪ್ಪಿ ಬಂದ ಮಾತು. ಅವರನ್ನು ನಂಬಿಕೊಂಡಿದ್ದ ಜೀವ ಅಂತ ಉಳಿದದ್ದು ಅವು ಆರು, ನಾನೊಬ್ಬಳು.

ಅವರೇ ಬಂದರು ಅಂದುಕೊಂಡಾದರೂ ಇಡಲಿ ಅಂತ ಶನಿವಾರ ಅವರ ಅಂಗಿ ಹಾಕಿದೆ. ಟೋಪಿ ಇಟ್ಟೆ. ಅವರ ಹಾಗೇ ಕೆಮ್ಮಿದೆ. ಬಾತುಗಳು ಭೂತ ಕಂಡ ಹಾಗೆ ಕತ್ತೆತ್ತಿ ಹೊಂಡಕ್ಕೆ ಬಿದ್ದವು. ಹಿಂದೆಯೇ ನಾನು. ಕೆಸರಿನಲ್ಲಿ ಕಾಲು ಜಾರಿ, ಸೊಂಟದ ತನಕ ನೀರಲ್ಲಿ ಕೂತೆ. ಕೆಳಗೆ ಏನೋ ಪಟ್ ಅಂತು.

ನಾದಿನಿ ಓಡಿ ಬಂದಳು. "ಏನು ಮುರೀತು ಅತ್ತಿಗೆ?"

"ಸೊಂಟ ಕಣೇ."

ಕೈ ಇಟ್ಟು ನೋಡಿದೆ. ಸೊಂಟ ಅಲ್ಲ, ಮೊಟ್ಟೆ. ಪಕ್ಕದಲ್ಲಿ ಇನ್ನೊಂದು. ಕಾಲ ಹತ್ತಿರ ನಾಲ್ಕು. ಹದಿನೈದು ದಿನದ ಬೆಳೆ ಮೇಲೆ ಮಹಾರಾಣಿ ಹಾಗೆ ಕೂತಿದ್ದೆ.

"ಗೂಡಿನ ಬಾಗಿಲು ಎಷ್ಟು ಹೊತ್ತಿಗೆ ತೆಗೀತೀರಿ?"

"ನಾಲ್ಕಕ್ಕೆ."

"ಅವು ಇಡೋದೇ ಬೆಳಗಿನ ಜಾವ. ಅಣ್ಣ ಎಂಟರ ತನಕ ಬಾಗಿಲು ತೆಗೀತಿರಲಿಲ್ಲ."

ಅವರಿದ್ದಾಗ ಆ ಹೊತ್ತಿಗೆ ನಾನು ಒಲೆ ಮುಂದೆ ಇರುತ್ತಿದ್ದೆ. ಹಿತ್ತಲ ಕಡೆ ನೋಡಿದ್ದೇ ಇಲ್ಲ.

"ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?"

"ಅವು ಶೋಕದಲ್ಲಿವೆ ಅಂದ್ರಿ. ನಾನೂ ನಂಬಿದೆ."

ಒಂದು ದಿನವೂ ಬಿಟ್ಟಿರಲಿಲ್ಲ ಅವು. ಅವರು ಹೋದ ದಿನವೂ ಇಟ್ಟಿರಬೇಕು. ಸಿಟ್ಟು ಬಂತು, ಆಮೇಲೆ ನಗು ಬಂತು. ನಾದಿನಿ ಎಬ್ಬಿಸೋಕೆ ಅಂತ ಇಳಿದು, ಜಾರಿ ತಾನೂ ಕೂತಳು. ಇನ್ನೆರಡು ಒಡೆದವು.

ಈಗಲೂ ನಾಲ್ಕಕ್ಕೇ ಎಚ್ಚರ ಆಗುತ್ತೆ. ಹೋಗಿ ಗೂಡಿನ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತೇನೆ. ಒಳಗಿಂದ ಆರೂ ಬೈಯುತ್ತವೆ. "ಮೊದಲು ಕೆಲಸ ಮುಗಿಸಿ," ಅನ್ನುತ್ತೇನೆ. ಎಂಟಾದ ಮೇಲೆ ಬಾಗಿಲು ತೆಗೆದರೆ ನನ್ನ ಕಾಲು ತುಳಿದುಕೊಂಡೇ ಹೋಗುತ್ತವೆ. ನಾನು ಬಗ್ಗಿ, ಬಿಸಿ ಆರುವ ಮೊದಲು ಮೊಟ್ಟೆ ಎತ್ತಿಕೊಳ್ಳುತ್ತೇನೆ.