ಬೀಗ ಹಾಕಿದ ಮನೆಯ ರಾಗಿ

ಕೊಡುವುದಕ್ಕೆ ದೊಡ್ಡ ಮನಸ್ಸು ಬೇಕು ಎನ್ನುತ್ತಾರೆ. ಕೇಳುವುದಕ್ಕೆ ಏನು ಬೇಕೋ ಯಾರೂ ಹೇಳುವುದಿಲ್ಲ. ಅದು ಏನೇ ಇರಲಿ, ನನ್ನಲ್ಲಂತೂ ಇರಲಿಲ್ಲ. ಇನ್ನೊಬ್ಬರ ಬಾಗಿಲಲ್ಲಿ ಚೀಲ ಹಿಡಿದು ನಿಂತರೆ ನಾಲಿಗೆ ಒಣಗುತ್ತಿತ್ತು. ಬಂದ ಕೆಲಸ ಬಿಟ್ಟು "ಕುಡಿಯೋಕೆ ನೀರು ಸಿಗುತ್ತಾ?" ಎಂದು ಕೇಳಿ, ಕುಡಿದು ಬಂದುಬಿಡುತ್ತಿದ್ದೆ. ಒಂದೇ ಬೆಳಿಗ್ಗೆ ಹತ್ತಾರು ಮನೆಯ ನೀರು ಕುಡಿದದ್ದೂ ಉಂಟು.

ಯುದ್ಧದ ಕಾಲ. ದೊಡ್ಡಬಳ್ಳಾಪುರದ ಮಗ್ಗದ ಬೀದಿಯ ಹುಡುಗರು ಸೇರಿ ಒಂದು ಸೋದರ ಸಂಘ ಕಟ್ಟಿಕೊಂಡಿದ್ದೆವು. ಆ ವರ್ಷ ಪ್ಲೇಗು ಬಂದು, ಸುತ್ತಲಿನ ಜನ ಊರು ಬಿಟ್ಟು ಬಯಲಿನ ಗುಡಿಸಲುಗಳಲ್ಲಿದ್ದರು. ಅವರ ಗಂಜಿಗೆ ಹಳ್ಳಿಹಳ್ಳಿ ತಿರುಗಿ ರಾಗಿ ಎತ್ತುವುದೆಂದು ಸಂಘದಲ್ಲಿ ತೀರ್ಮಾನವಾಯಿತು. ನನಗೆ ಜೊತೆಯಾದವನು ಪಕ್ಕದ ಮನೆಯ ನಂಜುಂಡ. ಎತ್ತಿನಂಥ ಆಳು, ದೆವ್ವ ಎದುರಾದರೂ ಚಂದಾ ಕೇಳುವವನೆಂದು ಹೆಸರು.

ಸಾಸಲು ಕಡೆಯ ಒಂದು ಹಳ್ಳಿ ಸೇರಿದಾಗ ನಡುಮಧ್ಯಾಹ್ನ. ಒಂದು ನಾಯಿಯೂ ಬೊಗಳಲಿಲ್ಲ. ಬೀದಿಯಲ್ಲಿ ಕೋಳಿಯಿಲ್ಲ, ಬಾವಿಯ ರಾಟೆಗೆ ಹಗ್ಗವಿಲ್ಲ. ಮನೆಮನೆಗೂ ಬೀಗ. ಒಂದು ಜಗಲಿಯ ಮೇಲೆ ಅರ್ಧ ಹೆಣೆದ ಬುಟ್ಟಿ, ಹೆಣೆಯುವವರು ಈಗಷ್ಟೇ ಎದ್ದುಹೋದ ಹಾಗೆ. ಆ ಊರೂ ಖಾಲಿಯಾಗಿದೆಯೆಂದು ನಮಗೆ ಯಾರೂ ಹೇಳಿರಲಿಲ್ಲ.

"ವಾಪಸ್ ಹೋಗೋಣ ಕಣೋ," ಎಂದು ನಂಜುಂಡ ಪಿಸುಗುಟ್ಟಿದ. ಕೇಳುವವರೇ ಇಲ್ಲದ ಊರಿನಲ್ಲಿ ಪಿಸುಮಾತು ಯಾಕೆಂದು ನಾನೂ ಪಿಸುಗುಟ್ಟಿಯೇ ಕೇಳಿದೆ. ಆಗ ಬೀಗ ಹಾಕಿದ್ದ ಒಂದು ಬಾಗಿಲಿನ ಒಳಗಿನಿಂದ ದನಿ ಬಂತು: "ಯಾರಪ್ಪಾ ಅದು?"

ನಂಜುಂಡ ಓಡಿದ. ನಾನೂ ಓಡುತ್ತಿದ್ದೆ, ಆದರೆ ಪಂಚೆ ಪಕ್ಕದ ಬೇಲಿಯ ಜಾಲಿಮುಳ್ಳಿಗೆ ಸಿಕ್ಕಿಕೊಂಡಿತ್ತು. ಇದ್ದದ್ದು ಅದೊಂದೇ ಒಳ್ಳೆಯ ಪಂಚೆ. ಆ ಕಾಲದಲ್ಲಿ ನೇಕಾರನಿಗೂ ಬಟ್ಟೆ ದುರ್ಲಭ. ಹರಿದುಕೊಳ್ಳಲು ಮನಸ್ಸು ಬರಲಿಲ್ಲ. ಬೆವರುತ್ತ ನಿಂತವನ ಬಾಯಿಗೆ ಬಂದದ್ದು ಸಂಘದಲ್ಲಿ ಉರು ಹೊಡೆದ ಮಾತೊಂದೇ: "ತಾಯಿ, ಪ್ಲೇಗಿನವರ ಗಂಜಿಗೆ ರಾಗಿ ಕೊಡಿ."

ಒಳಗೆ ಏನೋ ತೆವಳಿದ ಸದ್ದು. ಸಣ್ಣ ಕಿಟಕಿಯ ಸರಳುಗಳ ನಡುವಿನಿಂದ ಕಡ್ಡಿಯಂಥ ಕೈಯೊಂದು ಹೊರಬಂತು. ಅದರ ಮುಷ್ಟಿಯಲ್ಲಿ ರಾಗಿ.

"ತಗೋ ಮಗಾ. ಓಡೋಗ್ಬ್ಯಾಡ. ಮೂರು ದಿನದಿಂದ ಕೂಗ್ತಾ ಇವ್ನಿ, ದನಿ ಕೇಳಿದೋರೆಲ್ಲಾ ಓಡೋಗ್ತಾವ್ರೆ."

"ಬೀಗ ಯಾರು ಹಾಕಿದ್ದು, ಅಜ್ಜಿ?"

"ನನ್ ಮಗ. ಮನೆ ಬಿಟ್ಟು ಬರಾಕಿಲ್ಲ ಅಂದೆ. ಸರ್ಕಾರದೋರು ಎಳ್ಕೊಂಡೋಗ್ತಾರೆ ಅಂತ, ಒಳಗೆ ಯಾರೂ ಇಲ್ಲ ಅನ್ನೋ ಹಂಗೆ ಬೀಗ ಹಾಕ್ದ. ದಿನಾ ಹಿಟ್ಟು ತಂದ್ಕೊಡ್ತಿದ್ದ. ಈಗ ಬರ್ತಾನೇ ಇಲ್ಲ. ನೀರೂ ಮುಗೀತು."

ಪಂಚೆಯನ್ನು ಪರ್ರನೆ ಹರಿದುಕೊಂಡೆ. ಗುಂಡುಕಲ್ಲೊಂದನ್ನು ಎತ್ತಿ ಬೀಗಕ್ಕೆ ಹೊಡೆಯತೊಡಗಿದೆ. ಆ ಸದ್ದಿಗೆ, ದೆವ್ವ ನನ್ನನ್ನು ಬಡಿಯುತ್ತಿದೆಯೆಂದು ತಿಳಿದ ನಂಜುಂಡ, ಪಾಪ, ಬಿಡಿಸಲು ಕೋಲು ಹಿಡಿದು ಅಳುತ್ತಲೇ ವಾಪಸ್ ಬಂದ. ಇಬ್ಬರೂ ಸೇರಿ ಬೀಗ ಒಡೆದೆವು. ನಮ್ಮ ಬುತ್ತಿಯ ಜೊತೆ ತಂದಿದ್ದ ನೀರನ್ನು ಅಜ್ಜಿಗೆ ಕುಡಿಸಿ, ಅವನೇ ಬೆನ್ನ ಮೇಲೆ ಹೊತ್ತು ಗುಡಿಸಲುಗಳವರೆಗೆ ನಡೆದ. ಮಗ ಅಲ್ಲಿ ಜ್ವರದಲ್ಲಿ ಬಿದ್ದು "ಬೀಗ, ಬೀಗ" ಎಂದು ಕನವರಿಸುತ್ತಿದ್ದ. ತಾಯಿ ನೆಂಟರ ಊರಿಗೆ ಹೋಗಿದ್ದಾಳೆಂದು ಅವನು ಎಲ್ಲರಿಗೂ ಹೇಳಿದ್ದರಿಂದ, ಆ ಮಾತು ಯಾರಿಗೂ ಅರ್ಥವಾಗಿರಲಿಲ್ಲ. ಇಬ್ಬರೂ ಬದುಕಿದರು.

ಸಂಘದಲ್ಲಿ ನನ್ನ ಗುಂಡಿಗೆಯ ಗುಣಗಾನವಾಯಿತು. ಮುಳ್ಳಿನ ವಿಷಯ ನಾನು ಎತ್ತಲಿಲ್ಲ. ಅದರ ಫಲ, ಸುತ್ತಲಿನ ಖಾಲಿ ಊರುಗಳೆಲ್ಲ ನನ್ನ ಪಾಲಿಗೇ ಬಂದವು. ಇನ್ನೂ ಯಾರಾದರೂ ಸಿಕ್ಕಿಕೊಂಡಿದ್ದಾರೋ ನೋಡಿ ಬರಲಿ ಎಂದು. ಹೋಗುತ್ತಿದ್ದೆ. ಬೀಗ ಬಿದ್ದ ಒಂದೊಂದು ಬಾಗಿಲ ಮುಂದೆಯೂ ನಿಂತು "ಒಳಗೆ ಯಾರಾದ್ರೂ ಇದ್ದೀರಾ?" ಎಂದು ಗಟ್ಟಿಯಾಗಿ ಕೂಗುತ್ತಿದ್ದೆ. ಯಾರೂ ಓಗೊಡದಿರಲಪ್ಪಾ ದೇವರೇ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.