ಬಸ್ಸೋ ಟ್ಯಾಕ್ಸಿಯೋ, ಮಾವನನ್ನೇ ಕೇಳಿ

ಕಳಸ ಸೀಮೆಯಲ್ಲಿ ನಮ್ಮ ಮಾವನಷ್ಟು ಸಲ ಏರ್‌ಪೋರ್ಟಿಗೆ ಹೋದವರು ಇನ್ನೊಬ್ಬರಿಲ್ಲ ಎಂದು ನಾನು ಯಾರೆದುರು ಬೇಕಾದರೂ ಹೇಳಬಲ್ಲೆ. ಹೋದ ಮಳೆಗಾಲದವರೆಗೆ ಅವರು ಒಂದೇ ಒಂದು ಸಲವೂ ವಿಮಾನ ಹತ್ತಿರಲಿಲ್ಲ ಎಂಬುದನ್ನೂ ಅಷ್ಟೇ ಧೈರ್ಯದಿಂದ ಹೇಳಬಲ್ಲೆ! ಹಾಗಾದರೆ ಏರ್‌ಪೋರ್ಟಿನಲ್ಲಿ ಅವರಿಗೇನು ಕೆಲಸ? ಕಳಿಸಿ ಬರುವ ಕೆಲಸ!

ನಮ್ಮ ಕಡೆ ಮನೆಗೆ ಬಂದವರು ಹೊರಟರೆ ಅಂಗಳದಲ್ಲಿ ನಿಂತು ಟಾಟಾ ಮಾಡುವುದಿಲ್ಲ. ಬಸ್ಸಿನವರೆಗೆ ಹೋಗಬೇಕು, ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದುಕೊಡಬೇಕು, ಬಸ್ಸು ತಿರುವು ದಾಟಿ ಮರೆಯಾಗುವ ತನಕ ನಿಲ್ಲಬೇಕು. ಎಲ್ಲರೂ ಮಾಡುವುದು ಇಷ್ಟೇ. ನಮ್ಮ ಮಾವ, ಅಂದರೆ ನಮ್ಮಮ್ಮನ ತಮ್ಮ, ಈ ಪದ್ಧತಿಯನ್ನು ಆಕಾಶಕ್ಕೂ ವಿಸ್ತರಿಸಿಬಿಟ್ಟರು. ನೆಂಟರಿಷ್ಟರಲ್ಲಿ ಯಾರೇ ವಿಮಾನದಲ್ಲಿ ಹೋಗುವವರಿರಲಿ, ಕೊಡೆ ಹಿಡಿದು ಬೆಳಿಗ್ಗೆಯೇ ಬಸ್‌ಸ್ಟ್ಯಾಂಡಿನಲ್ಲಿ ಹಾಜರು. ಮಂಗಳೂರು ಏರ್‌ಪೋರ್ಟಿಗೆ ಹೇಗೆ ಹೋಗಬೇಕೆಂದು ನಿರ್ಧರಿಸುವವರೂ ಅವರೇ. ನಿರ್ಧಾರವೇನೆಂದು ಎಲ್ಲರಿಗೂ ಮೊದಲೇ ಗೊತ್ತು. ಬಸ್ಸು!

"ಟ್ಯಾಕ್ಸಿ ಮಾಡಿದ್ರೆ ಆರಾಮ ಅಲ್ವಾ ಮಾವ?" ಎಂದು ನಾನೊಮ್ಮೆ ಕೇಳಿ ಕೆಟ್ಟೆ.

"ಟ್ಯಾಕ್ಸಿಲಿ ಎಷ್ಟು ಜನ ಮಾರಾಯ? ನೀನೊಬ್ಬ, ಡ್ರೈವರ್ ಒಬ್ಬ. ಇಬ್ರ ಆಯುಷ್ಯವೂ ಅವತ್ತಿಗೇ ಮುಗಿದಿದ್ರೆ ಎಂತ ಮಾಡ್ತೀಯ? ಬಸ್ಸಲ್ಲಿ ಐವತ್ತು ಜನ ಇರ್ತಾರೆ. ಒಬ್ಬನ ಜಾತಕ ಆದ್ರೂ ಗಟ್ಟಿ ಇರ್ತದೆ. ಅವನ ಪುಣ್ಯದಲ್ಲಿ ಉಳಿದವ್ರೂ ಘಟ್ಟ ಇಳೀಬಹುದು!"

ಇದನ್ನು ಹೇಳಿದ್ದು ಯಾರು? ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಹೆಡ್‌ಮಾಸ್ಟರಾಗಿ ನಿವೃತ್ತರಾದ ಮಹಾನುಭಾವರು! ಅವರ ಕೈಯಲ್ಲಿ ನ್ಯೂಟನ್ನಿನ ನಿಯಮ ಕಲಿತ ಮಕ್ಕಳ ಗತಿಯೇನು? ಗತಿಯೇನೂ ಕೆಟ್ಟಿಲ್ಲ ಅನ್ನಿ. ಅರ್ಧ ಜನ ನಮ್ಮ ರೂಟಿನ ಬಸ್ಸುಗಳಲ್ಲೇ ಡ್ರೈವರು, ಕಂಡಕ್ಟರುಗಳಾಗಿದ್ದಾರೆ. ಮಾವನಿಗೆ ಬಸ್ಸಿನ ಮೇಲೆ ಇಷ್ಟು ವಿಶ್ವಾಸ ಇರುವುದಕ್ಕೆ ಅದೂ ಒಂದು ಕಾರಣ. ಮಾವ ಮನೆಯಲ್ಲಿ ಇನ್ನೂ ಕಾಫಿ ಕುಡಿಯುತ್ತಿದ್ದರೆ ಬಸ್ಸು ಹಾರ್ನ್ ಹೊಡೆಯುತ್ತಾ ಕಾಯುತ್ತಿತ್ತು.

ನನ್ನ ಮೊದಲ ವಿಮಾನಯಾನದ ಕಥೆ ಹೇಳುತ್ತೇನೆ, ಕೇಳಿ. ನಾನು ಇಲ್ಲೇ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಮುಂಬೈಯಲ್ಲಿರುವ ದೊಡ್ಡಮ್ಮನ ಮನೆಗೆ ಹೊರಟಿದ್ದೆ. ದೊಡ್ಡಮ್ಮ ಎಂದರೆ ಮಾವನ ದೊಡ್ಡಕ್ಕ. ತಾಯಿ ಬೇಗ ತೀರಿಕೊಂಡಿದ್ದರಿಂದ ಮಾವನನ್ನು ಎತ್ತಿ ಆಡಿಸಿ, ಉಣ್ಣಿಸಿ, ಶಾಲೆಗೆ ಸೇರಿಸಿದವರು ಅವರೇ. ಮದುವೆಯಾಗಿ ಮುಂಬೈ ಸೇರಿದ ಮೇಲೆ ಮಾವ ವರ್ಷಕ್ಕೊಮ್ಮೆ ಹೋಗಿ ನೋಡಿಕೊಂಡು ಬರುತ್ತಿದ್ದರು. ಹೇಗೆ ಅಂತ ಬೇರೆ ಹೇಳಬೇಕೆ? ಬಸ್ಸಿನಲ್ಲಿ!

ಹೊರಡುವ ಹಿಂದಿನ ದಿನ ಮಾವ ಬಂದು, "ನಿನ್ನ ಪೆಟ್ಟಿಗೆ ನಾನು ತಕೊಂಡು ಹೋಗಿರ್ತೇನೆ, ನೀನು ಕೈಬೀಸಿಕೊಂಡು ಬಾ" ಎಂದರು. ಎಂಥ ಪ್ರೀತಿ ಎಂದುಕೊಂಡು ಕೊಟ್ಟೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋದರೆ ಮಾವ ಇದ್ದಾರೆ, ಕೊಡೆ ಇದೆ, ಪೆಟ್ಟಿಗೆ ಇಲ್ಲ!

"ಪೆಟ್ಟಿಗೆ ಎಲ್ಲಿ ಮಾವ?"

"ಮೊದಲನೇ ಬಸ್ಸಿಗೆ ಹಾಕಿ ಕಳಿಸಿದೆ. ನಮ್ಮ ಬಸ್ಸು ರಶ್ ಇರ್ತದೆ ಅಲ್ದಾ? ಕಾರ್ಕಳದ ಹೋಟ್ಲಲ್ಲಿ ಇಳಿಸಿಟ್ಟಿರ್ತಾರೆ."

ಟಿಕೆಟ್ಟು, ಗುರುತಿನ ಚೀಟಿ, ಬಟ್ಟೆ ಎಲ್ಲವೂ ಅದರಲ್ಲೇ! ನಮ್ಮಲ್ಲಿ ಔಷಧಿಯಿಂದ ಹಿಡಿದು ಪಂಪ್‌ಸೆಟ್ಟಿನವರೆಗೆ ಎಲ್ಲವೂ ಬಸ್ಸಿನಲ್ಲಿ ಒಂಟಿಯಾಗಿ ಓಡಾಡುತ್ತವೆ, ನಿಜ. ಆದರೆ ಟಿಕೆಟ್ಟು ಮುಂದೆ ಹೋಗಿ ಪ್ರಯಾಣಿಕ ಹಿಂದಿನಿಂದ ಹೋಗುವುದುಂಟೇ? ಕಾರ್ಕಳ ತಲುಪುವ ತನಕ ನಾನು ಉಸಿರಾಡಿದ ನೆನಪಿಲ್ಲ. ಪೆಟ್ಟಿಗೆ ಹೋಟೆಲಿನ ಗಲ್ಲಾದ ಪಕ್ಕದಲ್ಲಿ ಭದ್ರವಾಗಿ ಕೂತಿತ್ತು. ಅವತ್ತು ಶುಕ್ರವಾರ. ಹೋಟೆಲಿನವರು ಬೆಳಗಿನ ಪೂಜೆಯಲ್ಲಿ ಗಲ್ಲಾಕ್ಕೆ, ತಕ್ಕಡಿಗೆ ಕುಂಕುಮ ಹಚ್ಚುವಾಗ ನನ್ನ ಪೆಟ್ಟಿಗೆಗೂ ಹಚ್ಚಿ ಒಂದು ದಾಸವಾಳ ಸಿಕ್ಕಿಸಿದ್ದರು!

ಏರ್‌ಪೋರ್ಟಿನ ಬಾಗಿಲಲ್ಲಿ ಇನ್ನೊಂದು ಆಘಾತ ಕಾದಿತ್ತು. ನಾನು ಶೌಚಾಲಯಕ್ಕೆ ಹೋಗಿ ಬರುವಷ್ಟರಲ್ಲಿ ಮಾವ ಬಂದೂಕು ಹಿಡಿದು ನಿಂತ ಕಾವಲಿನವನ ಹತ್ತಿರ ಹೋಗಿ, "ನಮ್ಮ ಹುಡುಗ ಈಗ ಬರ್ತಾನೆ, ಒಳಗೆ ಡ್ರೈವರಿಗೆ ಒಂದೆರಡು ನಿಮಿಷ ನಿಲ್ಸೋಕೆ ಹೇಳಿ" ಎನ್ನುತ್ತಿದ್ದರು! ಆತ ಉತ್ತರ ಭಾರತದ ಕಡೆಯವನು. ಒಂದಕ್ಷರವೂ ತಿಳಿಯದೆ, ಹಿರಿಯರೆಂದು ಕೈಮುಗಿದ. ಕಳಸಕ್ಕೆ ಬಂದು ಮಾವ ಹೇಳಿದ್ದೇನು ಗೊತ್ತೇ? "ಏರ್‌ಪೋರ್ಟಲ್ಲೂ ನಮ್ಮ ಮಾತಿಗೆ ಬೆಲೆ ಉಂಟು ಮಾರಾಯ. ವಿಮಾನ ನಿಲ್ಸಿದ್ರು!"

ಆಮೇಲೆ ನನ್ನ ತಂಗಿಯ ಸರದಿ. ಕೈಗೂಸು ಕಟ್ಟಿಕೊಂಡು ಬಸ್ಸಿನಲ್ಲಿ ಸಾಧ್ಯವೇ ಇಲ್ಲ ಎಂದು ಅವಳು ಹಟ ಹಿಡಿದು ಟ್ಯಾಕ್ಸಿ ಮಾಡಿಸಿದಳು. ಮಾವ ಮುಖ ಊದಿಸಿಕೊಂಡೇ ಮುಂದಿನ ಸೀಟಿನಲ್ಲಿ ಕೂತರು. ಸಂಸೆ ಹತ್ತಿರ ದಾರಿಯಲ್ಲಿ ಯಾರೋ ಇಬ್ಬರು ಕೈ ಎತ್ತಿದರು.

"ನಿಲ್ಸು, ನಿಲ್ಸು" ಎಂದರು ಮಾವ.

"ಸಾರ್, ಇದು ಟ್ಯಾಕ್ಸಿ" ಎಂದ ಡ್ರೈವರ್.

"ಟ್ಯಾಕ್ಸಿ ಅಂತ ನಂಗೂ ಗೊತ್ತುಂಟು. ಸೀಟು ಖಾಲಿ ಇಟ್ಕೊಂಡು ಹೋಗೋಕೆ ನಾಚಿಕೆ ಆಗಲ್ವಾ? ಅವ್ರಿಗೆ ಇನ್ನು ಬಸ್ಸು ಇರೋದು ಹನ್ನೊಂದು ಗಂಟೆಗೆ!"

ಇದಕ್ಕೆ ಯಾರು ಏನು ಹೇಳಲು ಸಾಧ್ಯ? ಬಸ್ಸು ಕಡಿಮೆ ಇರುವ ನಮ್ಮ ದಾರಿಯಲ್ಲಿ ಕೈ ಎತ್ತಿದವರನ್ನು ಬಿಟ್ಟುಹೋಗುವುದೆಂದರೆ ದೊಡ್ಡ ಅಪರಾಧ. ಸೀಟು ಖಾಲಿ ಇದ್ದೂ ಮುಂದೆ ಹೋದವರನ್ನು ಊರು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಮಾವನಂತೂ ತನ್ನ ಜೀವಮಾನದಲ್ಲಿ ಎತ್ತಿದ ಕೈಯೊಂದನ್ನು ದಾಟಿ ಹೋದವರೇ ಅಲ್ಲ. ಸಂಸೆಯಲ್ಲಿ ಇಬ್ಬರು, ಕುದುರೆಮುಖದಲ್ಲಿ ಒಬ್ಬರು, ಆಮೇಲೆ ಇನ್ನೊಬ್ಬರು. ಕೊನೆಗೆ ನೋಡಿದರೆ ತಂಗಿಯ ಒಂದು ತೊಡೆಯ ಮೇಲೆ ಮಗು, ಇನ್ನೊಂದು ತೊಡೆಯ ಮೇಲೆ ಮಗುವಿಗಿಂತ ದೊಡ್ಡ ಹಲಸಿನ ಹಣ್ಣು! ಪ್ರತಿಯೊಬ್ಬರು ಇಳಿದಾಗಲೂ ಮಾವ ಕಿಟಕಿಯಿಂದ ಬಾಗಿಲು ತಟ್ಟಿ "ರೈಟ್, ರೈಟ್!" ಎನ್ನುತ್ತಿದ್ದರು. ವಿಮಾನಕ್ಕೆ ಕೊನೆಯವಳಾಗಿ ಓಡಿದ ತಂಗಿ ಇವತ್ತಿಗೂ ಮಾವನಿಗೆ ತಿಳಿಸದೆ ಟಿಕೆಟ್ ಮಾಡಿಸುತ್ತಾಳೆ.

ಇಂಥ ಮಾವ ಹೋದ ಮಳೆಗಾಲದ ಒಂದು ಸಂಜೆ ನಮ್ಮ ಮನೆಗೆ ಬಂದು ಜಗಲಿಯಲ್ಲಿ ನಿಂತೇ ಹೇಳಿದರು:

"ನಾಳೆಗೆ ಒಂದು ಟ್ಯಾಕ್ಸಿ ಮಾಡು."

ನಾನು ಬೆಚ್ಚಿಬಿದ್ದೆ. ಯಾರಿಗೆ ಎಂದು ಕೇಳಿದೆ.

"ನಂಗೆ. ಅಕ್ಕನಿಗೆ ನಾಡಿದ್ದು ಬೆಳಿಗ್ಗೆ ಹಾರ್ಟಿನ ಆಪರೇಷನ್ ಅಂತೆ. ಅದಕ್ಕೆ ಮೊದಲು ನನ್ನ ನೋಡ್ಬೇಕಂತೆ. ಬಸ್ಸಲ್ಲಿ ಹೋದ್ರೆ ಮುಟ್ಟೋದಿಲ್ಲ. ವಿಮಾನದ್ದೂ ಟಿಕೆಟ್ ಮಾಡು."

ಮಾವನ ಬಾಯಲ್ಲಿ ಒಂದೇ ಉಸಿರಿಗೆ ಟ್ಯಾಕ್ಸಿ, ವಿಮಾನ ಎರಡೂ! ಆಗಲೇ ನನಗೆ ದೊಡ್ಡಮ್ಮನ ಸ್ಥಿತಿ ಎಷ್ಟು ಕೆಟ್ಟಿರಬಹುದೆಂದು ಹೆದರಿಕೆಯಾಯಿತು. ಒಂದೂವರೆಯ ವಿಮಾನದಲ್ಲಿ ಒಂದೇ ಸೀಟು ಸಿಕ್ಕಿತು. ಅದು ತಪ್ಪಿದರೆ ಆಪರೇಷನ್ನಿಗೆ ಮೊದಲು ಅಕ್ಕನ ಮುಖ ನೋಡಲು ಬೇರೆ ದಾರಿ ಇರಲಿಲ್ಲ. ಈ ಸಲ ಕಳಿಸಿ ಬರಲು ನಾನು ಹೊರಟೆ.

ಬೆಳಿಗ್ಗೆ ಏಳೂವರೆಗೆ ಕಳಸ ಬಿಟ್ಟೆವು. ಮಾವ ಮುಂದಿನ ಸೀಟಿನಲ್ಲಿ ಕೂತರು. ಸಂಸೆ ದಾಟುವಾಗ ಹೆಂಗಸೊಬ್ಬಳು ಕೈಚೀಲ ಹಿಡಿದು ಮಳೆಯಲ್ಲಿ ನಿಂತು ಕೈ ಎತ್ತಿದಳು. ನೋಡಿದರೆ ನಮಗೆಲ್ಲ ಪರಿಚಯದ ಲಕ್ಷ್ಮಕ್ಕ. ಮಂಡಿನೋವಿಗೆ ಕಾರ್ಕಳದ ಡಾಕ್ಟರ ಹತ್ತಿರ ಹೋಗುವವಳು. ಡ್ರೈವರ್ ತಾನಾಗಿಯೇ ವೇಗ ಕಡಿಮೆ ಮಾಡಿದ.

"ನಿಲ್ಸಬೇಡ" ಎಂದರು ಮಾವ.

ಡ್ರೈವರ್ ಹಿಂದೆ ತಿರುಗಿ ನನ್ನ ಮುಖ ನೋಡಿದ. ನನಗೂ ನಂಬಿಕೆಯಾಗಲಿಲ್ಲ. ಮಾವ ಮುಖವನ್ನು ಇನ್ನೊಂದು ಕಡೆಯ ಕಿಟಕಿಗೆ ತಿರುಗಿಸಿ ಕೂತಿದ್ದರು. ಕಾರು ಲಕ್ಷ್ಮಕ್ಕನ ಸೀರೆಗೆ ನೀರು ಹಾರಿಸಿ ಮುಂದೆ ಹೋಯಿತು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಇಬ್ಬರು ಕೂರುವಷ್ಟು ಜಾಗವಿತ್ತು.

ಕುದುರೆಮುಖ ದಾಟಿ ಕಾಡಿನ ನಡುವೆ ಒಂದು ತಿರುವು ತಿರುಗಿದರೆ, ರಸ್ತೆಗೆ ಅಡ್ಡವಾಗಿ ಒಂದು ಮರ! ಸಣ್ಣ ಮರವಲ್ಲ, ಎರಡಾಳು ತಬ್ಬುವಷ್ಟು ದಪ್ಪದ್ದು. ಆಚೆ ಕಡೆ ಕಾರ್ಕಳದಿಂದ ಬಂದ ಬಸ್ಸೊಂದು ನಿಂತಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಮರ ಕೊಯ್ಯುವವರು ಬರಲು ಮಧ್ಯಾಹ್ನವಾದರೂ ಆದೀತು ಎಂದ ಡ್ರೈವರ್. ಮಾವ ಕಾರಿನಿಂದ ಇಳಿದು ಮರದ ಎದುರು ಸುಮ್ಮನೆ ನಿಂತರು. ಕೊಡೆ ಬಿಡಿಸುವುದೂ ಮರೆತುಹೋಗಿತ್ತು. ಅವರನ್ನು ಹಾಗೆ ನೋಡಿ ನನಗೆ ಸಂಕಟವಾಯಿತು.

ಅಷ್ಟರಲ್ಲಿ ಹಿಂದಿನಿಂದ ಕಳಸದ ಎಂಟರ ಬಸ್ಸು ಬಂತು. ಮಾವ ಬೇಡವೆಂದು ಬಿಟ್ಟ ಬಸ್ಸು! ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನಮ್ಮ ಬಸ್ಸಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಬಸ್ಸಿನ ಜನ ಮರ ಹತ್ತಿ ಆಚೆ ಇಳಿಯುವುದು, ಆಚೆಯವರು ಈಚೆ ಬರುವುದು, ಎರಡು ಬಸ್ಸೂ ಬಂದ ದಾರಿಗೇ ತಿರುಗುವುದು. ಐದೇ ನಿಮಿಷದಲ್ಲಿ ಎರಡೂ ಕಡೆಯವರು ಮಕ್ಕಳನ್ನು, ಗಂಟುಮೂಟೆಗಳನ್ನು ಮರದ ಮೇಲಿಂದ ದಾಟಿಸತೊಡಗಿದರು. ನಾನು ಟ್ಯಾಕ್ಸಿಯನ್ನು ವಾಪಸು ಕಳಿಸಿದೆ.

ಬಸ್ಸಿನಿಂದ ಕೊನೆಗೆ ಇಳಿದವಳು ಲಕ್ಷ್ಮಕ್ಕ. ಒದ್ದೆ ಸೀರೆ, ಕೈಚೀಲ, ಕುಂಟು ನಡಿಗೆ. ನನಗೆ ಭೂಮಿಯೇ ಬಾಯಿ ಬಿಡಬಾರದೇ ಅನ್ನಿಸಿತು. ಮಾವ ತಲೆ ತಗ್ಗಿಸಿ ಅವಳ ಎದುರು ಹೋಗಿ ನಿಂತರು.

"ಲಕ್ಷ್ಮಕ್ಕ, ಕಂಡೂ ನಿಲ್ಸಲಿಲ್ಲ ನಾನು. ತಪ್ಪಾಯ್ತು."

"ಬಿಡಿ ಮೇಷ್ಟ್ರೇ" ಎಂದಳು ಲಕ್ಷ್ಮಕ್ಕ. "ಅಕ್ಕನ ನೋಡೋಕೆ ಹೊರಟಿದ್ದಾರೆ ಅಂತ ಬಸ್ಸು ಹತ್ತಿದ ಮೇಲೆ ಕಂಡಕ್ಟರ್ ಹೇಳ್ದ. ಗೊತ್ತಿದ್ರೆ ನಾನು ಕೈ ಎತ್ತುತ್ತಲೇ ಇರ್ಲಿಲ್ಲ."

ಮಾವ ತಮ್ಮ ಚೀಲವನ್ನು ನನ್ನ ಕಡೆ ಎಸೆದು, ಅವಳ ಕೈ ಹಿಡಿದುಕೊಂಡು ಮರ ಹತ್ತಿಸಿದರು. ಆ ವಯಸ್ಸಿನ ಇಬ್ಬರು ಮಳೆಯಲ್ಲಿ ಜಾರುವ ಮರದ ಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತದ್ದನ್ನು ನೋಡಿ ನನ್ನ ಜೀವ ಬಾಯಿಗೆ ಬಂದಿತ್ತು.

ಆಚೆಯ ಬಸ್ಸು ಹೊರಟಿತು. ವಿಷಯ ಕಂಡಕ್ಟರನಿಂದ ಕಂಡಕ್ಟರನಿಗೆ, ಅಲ್ಲಿಂದ ಇಡೀ ಬಸ್ಸಿಗೆ ಹಬ್ಬಿತು. ಬಜಗೋಳಿ ಹತ್ತಿರವಾದಾಗ ಹಿಂದಿನಿಂದ ಯಾರೋ ಕೂಗಿದರು: "ಇಲ್ಲಿ ಇಳಿಯೋರು ಇಬ್ಬರೇ ಇದ್ದೇವೆ. ನಿಲ್ಸಬೇಡಿ, ಕಾರ್ಕಳದಲ್ಲೇ ಇಳಿದು ವಾಪಸು ಬರ್ತೇವೆ!" ನಾನು ತಿರುಗಿ ನೋಡಿದೆ. ಯಾರೋ ಗುರುತಿಲ್ಲದ ಗಂಡ ಹೆಂಡತಿ. ಅವರಿಗೂ ಮಾವನಿಗೂ ಏನು ಸಂಬಂಧ? ಕಾರ್ಕಳದಲ್ಲಿ ಇಳಿದಾಗ, ಮಂಡಿನೋವಿನ ಲಕ್ಷ್ಮಕ್ಕ ನಮಗಿಂತ ಮೊದಲೇ ಓಡಿಹೋಗಿ ಏರ್‌ಪೋರ್ಟಿಗೆ ಟ್ಯಾಕ್ಸಿ ಗೊತ್ತು ಮಾಡಿದ್ದಳು!

ಹೊತ್ತಿಗೆ ಸರಿಯಾಗಿ ಏರ್‌ಪೋರ್ಟ್ ಮುಟ್ಟಿ ಮಾವ ಒಳಗೆ ಹೋದರು. ಚೆಕ್ಕಿಂಗಿನ ಸಾಲಿನಲ್ಲಿ ಎಲ್ಲರೂ ಮಾಡಿದ್ದನ್ನು ನೋಡಿಕೊಂಡು ತಾವೂ ಬೆಲ್ಟು ಬಿಚ್ಚುತ್ತಿದ್ದದ್ದು ಗಾಜಿನಾಚೆ ಸ್ವಲ್ಪ ಹೊತ್ತು ಕಾಣಿಸಿತು. ವಿಮಾನ ಹೊರಟಿತೆಂದು ಖಾತ್ರಿಯಾದ ಮೇಲೆ ನಾನು ಹಿಂದಿರುಗಿದೆ.

ಮಾರನೇ ದಿನ ಮಧ್ಯಾಹ್ನ ಮಾವನ ಫೋನ್ ಬಂತು. ಆಪರೇಷನ್ನಿನ ನಡುವೆಯೇ ದೊಡ್ಡಮ್ಮ ತೀರಿಕೊಂಡರೆಂದು ಹೇಳಿದರು. ದನಿ ಗಟ್ಟಿಯಾಗಿಯೇ ಇತ್ತು. ನಿನ್ನೆ ಮಾತಾಡಲು ಸಿಕ್ಕಿದರೇ ಎಂದು ಕೇಳಿದೆ.

"ಸಿಕ್ಕಿದ್ಳು. ಐದು ನಿಮಿಷ ಒಳಗೆ ಬಿಟ್ರು. ಎಚ್ಚರ ಇದ್ದಳು."

"ಎಂತ ಹೇಳಿದ್ರು ಮಾವ?"

"ಎಂತ ಹೇಳ್ತಾಳೆ? ಊಟ ಆಯ್ತಾ ಅಂತ ಕೇಳಿದ್ಳು." ಮಾವನ ದನಿ ಅಲ್ಲಿಗೆ ಒಡೆಯಿತು. "ಬೆಳಿಗ್ಗೆಯಿಂದ ನಾನು ಎಂತದೂ ತಿಂದಿರ್ಲಿಲ್ಲ ಮಾರಾಯ. ಆಯ್ತು ಅಕ್ಕ, ಹೊಟ್ಟೆ ತುಂಬ ಆಯ್ತು ಅಂದೆ. ಸರಿ ಹಾಗಾದ್ರೆ ಅಂತ ಕಣ್ಣು ಮುಚ್ಚಿದ್ಳು."

ಆ ಕಡೆ ಮಾವ ಮಗುವಿನಂತೆ ಅಳುತ್ತಿದ್ದರು. ಈ ಕಡೆ ನನಗೂ ತಡೆಯಲಾಗಲಿಲ್ಲ.

"ಈಗಾದ್ರೂ ಒಂಚೂರು ಊಟ ಮಾಡಿ ಮಾವ" ಎಂದೆ.