ಫುಟ್‌ಬೋರ್ಡ್ ಮಾವ ಪಾತಾಳಕ್ಕಿಳಿದದ್ದು

ನಮ್ಮ ಮಾವನಿಗೆ ಕೂರಲು ಬರುವುದಿಲ್ಲ!

ನಗಬೇಡಿ. ಮನೆಯ ಚಾವಡಿಯಲ್ಲಿ ಕೂರುತ್ತಾರೆ, ಊಟಕ್ಕೆ ಕೂರುತ್ತಾರೆ, ಕೂತಲ್ಲೇ ಗೊರಕೆಯನ್ನೂ ಹೊಡೆಯುತ್ತಾರೆ. ಆದರೆ ಕೂತದ್ದಕ್ಕೆ ಚಕ್ರವಿದ್ದು ಅದು ಒಂದು ಸುತ್ತು ತಿರುಗಿತೋ, ಮಾವ ಎದ್ದು ಬಾಗಿಲಿಗೆ ಹೋದರೆಂದೇ ತಿಳಿಯಿರಿ. ನನ್ನ ಅಮ್ಮನ ತಮ್ಮನಾದ ಇವರು ಕಾರ್ಕಳ–ಉಡುಪಿ ದಾರಿಯ ಖಾಸಗಿ ಬಸ್ಸಿನಲ್ಲಿ ಮೂವತ್ತೈದು ವರ್ಷ ಕಂಡಕ್ಟರ್ ಆಗಿದ್ದವರು. ನಿವೃತ್ತರಾಗಿ ಆರು ವರ್ಷವಾಯಿತು. ಕಾಲಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ. ಈಗಲೂ ಬಸ್ಸು ಹತ್ತಿದರೆ, ಸೀಟು ಖಾಲಿ ಇದ್ದರೂ, ಫುಟ್‌ಬೋರ್ಡಿನಲ್ಲೇ ನಿಲ್ಲುತ್ತಾರೆ. ಈ ದಾರಿಯ ಕಂಡಕ್ಟರುಗಳೆಲ್ಲ ಅವರ ಕೈಯಲ್ಲೇ ಪಳಗಿದವರು, ಗುರುಗಳಿಗೆ ಜಾಗ ಬಿಟ್ಟುಕೊಡುತ್ತಾರೆ.

ಇದರ ಪೆಟ್ಟು ತಿಂದವರು ನಮ್ಮ ಅತ್ತೆ. ಮದುವೆಯಾಗಿ ಮೂವತ್ತೆಂಟು ವರ್ಷ, ಗಂಡ ಒಮ್ಮೆಯೂ ಯಾವ ಗಾಡಿಯಲ್ಲೂ ಪಕ್ಕದಲ್ಲಿ ಕೂತದ್ದಿಲ್ಲ! ಮದುವೆಯ ದಿನವೇ ಇದಕ್ಕೆ ಮುಹೂರ್ತವಾಯಿತು. ಕಾಪುವಿನಲ್ಲಿ ಧಾರೆ ಮುಗಿದು ದಿಬ್ಬಣ ಕಾರ್ಕಳಕ್ಕೆ ಹೊರಟಿತು. ಬಸ್ಸು ಮಾವ ದಿನಾ ದುಡಿಯುವ ಬಸ್ಸೇ. ಮದುಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಪಕ್ಕದಲ್ಲಿ ಮದುಮಗನಿಗೆ ಜಾಗ ಬಿಟ್ಟರು. ಶಿರ್ವ ದಾಟಿದರೂ ಜಾಗ ಖಾಲಿ!

"ಮದುಮಗ ಎಲ್ಲಿ ಮಾರಾಯ್ರೆ?" ಎಂದು ಹೆಣ್ಣಿನ ಕಡೆಯ ಅಜ್ಜಿ ಗಾಬರಿಯಾದರು.

ಮದುಮಗ ಬಾಗಿಲಲ್ಲಿದ್ದರು. ಒಂದು ಕೈಯಲ್ಲಿ ಪೇಟ, ಇನ್ನೊಂದರಲ್ಲಿ ಕಂಬಿ, ಬಾಯಲ್ಲಿ "ಬೆಳ್ಮಣ್, ಬೆಳ್ಮಣ್, ಕಾರ್ಲ, ಕಾರ್ಲ!" ಬಸ್ಸಿನವರ ಬಾಯಲ್ಲಿ ಕಾರ್ಕಳ ಎಂದರೆ ಕಾರ್ಲ. ಅಭ್ಯಾಸಬಲ ನೋಡಿ! ಸಂಬಂಧವೇ ಇಲ್ಲದ ಇಬ್ಬರು ದಾರಿಯಲ್ಲಿ ಹತ್ತಿಯೂ ಬಿಟ್ಟರಂತೆ. ಕಾರ್ಕಳ ತಲುಪಿದ ಮೇಲೆ ಅವರಿಗೂ ಪಾಯಸ ಬಡಿಸಲಾಯಿತು.

ನಿಂತು ನಿಂತು ಕಾಲಿನ ನರಗಳು ಉಬ್ಬಿ, ಹೋದ ವರ್ಷ ಮಣಿಪಾಲದಲ್ಲಿ ಆಪರೇಶನ್ ಆಯಿತು. ವಾರ್ಡಿಗೆ ಸೇರುವ ದಿನ ಗಾಲಿಕುರ್ಚಿ ತಂದು ನಿಲ್ಲಿಸಿದರು. ಚಕ್ರ ಇರುವ ಕುರ್ಚಿ! ಮಾವ ಅದರಲ್ಲಿ ಅತ್ತೆಯನ್ನು ಕೂರಿಸಿ, ತಾವೇ ಹಿಂದೆ ನಿಂತು, "ಎದುರು ಜಾಗ ಬಿಡಿ, ಜಾಗ ಬಿಡಿ" ಎನ್ನುತ್ತಾ ದೂಡಿಕೊಂಡು ಹೋದರು. ಕುರ್ಚಿಯಲ್ಲಿದ್ದವರೇ ರೋಗಿ ಎಂದುಕೊಂಡು ನರ್ಸು ಅತ್ತೆಯ ಬಿಪಿ ನೋಡಿದಳು. ಬಿಪಿ ಜಾಸ್ತಿಯೇ ಇತ್ತು. ಈ ಮನುಷ್ಯನನ್ನು ಕಟ್ಟಿಕೊಂಡವರಿಗೆ ಇಲ್ಲದೆ ಇರುತ್ತದೆಯೇ?

"ಇನ್ನು ಹೀಗೇ ನಿಂತರೆ ಕಾಲು ಕೈಕೊಡ್ತದೆ. ಗಾಡಿಯಲ್ಲಿ ಕೂತೇ ಹೋಗಬೇಕು" ಎಂದು ಡಾಕ್ಟರು ಗದರಿಸಿ ಕಳುಹಿಸಿದರು. ಮಾವ ತಲೆಯಾಡಿಸಿದರು. ಮನೆಗೆ ಹೋಗುವಾಗ ಆಂಬುಲೆನ್ಸಿನ ಬಾಗಿಲಲ್ಲಿ ನಿಲ್ಲಬಹುದೇ ಎಂದು ಕೇಳಿದರು.

ಈ ವರ್ಷ ದುಬೈಯಲ್ಲಿರುವ ಅವರ ಮಗಳು ಹಟ ಹಿಡಿದು ಅಪ್ಪ ಅಮ್ಮನನ್ನು ಯುರೋಪ್ ಪ್ರವಾಸಕ್ಕೆ ಹೊರಡಿಸಿದಳು. ಉಡುಪಿಯಿಂದ ಹೊರಟ ಮೂವತ್ತು ಮಂದಿಯ ತಂಡ; ಮಾವನನ್ನು ಕೂರಿಸುವ ಜವಾಬ್ದಾರಿ ನನಗೆ. ಹೊರಡುವ ಹಿಂದಿನ ದಿನ ಅತ್ತೆ ಬಟ್ಟೆ ಮಡಚುತ್ತಾ ಹೇಳಿದರು: "ನಂಗೆ ಆ ದೇಶ ಈ ದೇಶ ಎಂತದೂ ಬೇಡ ಮಾರಾಯ್ತಿ. ಒಮ್ಮೆ ಇವರು ಪಕ್ಕದಲ್ಲಿ ಕೂತು, ಅದು ನೋಡು, ಇದು ನೋಡು ಅಂತ ಹೇಳಿದ್ರೆ ಸಾಕು. ಇಷ್ಟು ವರ್ಷ ನನ್ನ ಪಕ್ಕ ಕೂತದ್ದು ಎಂತ ಗೊತ್ತುಂಟಾ? ನನ್ನ ಬ್ಯಾಗು!" ನಗುತ್ತಲೇ ಹೇಳಿದರು, ಆದರೆ ನನಗೆ ನಗು ಬರಲಿಲ್ಲ.

ವಿಮಾನದಲ್ಲಿ ಕೂತರು ಎಂದುಕೊಂಡಿರಾ? ಬಾಗಿಲ ಹತ್ತಿರದ ಸೀಟನ್ನೇ ಬೇಡಿ ಪಡೆದು, ಅತ್ತೆಗಿಂತ ಹತ್ತು ಸಾಲು ಮುಂದೆ ಇದ್ದರು. ಏರುವಾಗ ಇಳಿಯುವಾಗ ಬೆಲ್ಟು ಹಾಕಿದ್ದರು. ಅದು ಕೂತದ್ದಲ್ಲ, ಕಟ್ಟಿಹಾಕಿದ್ದು. ಉಳಿದ ಹೊತ್ತೆಲ್ಲ ಗಗನಸಖಿಯರ ಜೊತೆ ಬಾಗಿಲ ಬಳಿ ನಿಂತಿದ್ದರು. ಅಲ್ಲಿನ ಟೂರ್ ಬಸ್ಸಿನಲ್ಲಂತೂ ಕಂಡಕ್ಟರೇ ಇಲ್ಲವೆಂದು ತಿಳಿದು ಮಾವನಿಗೆ ಹೊಟ್ಟೆ ಉರಿದುಹೋಯಿತು. ಬಸ್ಸು ಹಿಂದೆ ಸರಿಯುವಾಗ ಇಳಿದು, "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಎಂದು ಹಿಂಬದಿಗೆ ಎರಡು ಬಡಿದರು. ಮೊದಲ ದಿನ ಡ್ರೈವರ್ ಸಿಟ್ಟಾದ. ಮೂರನೆಯ ದಿನ ಮಾವ ಇಳಿಯದೆ ಅವನು ಬಸ್ಸು ಹಿಂದೆ ತೆಗೆಯಲೇ ಇಲ್ಲ!

ಐದನೆಯ ದಿನ ಒಂದು ಗುಹೆ ನೋಡಲು ಕರೆದೊಯ್ದರು. ಅದರೊಳಗೆ ಇಳಿಯಲು ನೆಲದಡಿಗೆ ಹೋಗುವ ರೈಲು. ಕಡಿದಾದ ಸುರಂಗದಲ್ಲಿ ಹಳಿ ಹಾಕಿ, ಡಬ್ಬಿಗೆ ಉಕ್ಕಿನ ಹಗ್ಗ ಕಟ್ಟಿ, ನಾವು ಬಾವಿಗೆ ಕೊಡಪಾನ ಇಳಿಸುವ ಹಾಗೆ ಜನರನ್ನು ಇಳಿಸುತ್ತಾರೆ. ಸೀಟುಗಳು ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು. ಆ ಕತ್ತಲೆಯ ಬಾಯಿ ನೋಡಿದ್ದೇ ಅತ್ತೆ ನನ್ನ ಕೈ ಹಿಡಿದರು. ಮನೆಯ ಬಾವಿಗೇ ಇಣುಕದವರು ಅವರು.

"ನೀವು ಹೋಗಿ ಬನ್ನಿ. ನಾನು ಇಲ್ಲೇ ಇರ್ತೇನೆ."

"ಎಂತ ಹೆದರಿಕೆ? ಬಾಗಿಲಲ್ಲಿ ನಾನಿಲ್ವಾ!" ಎಂದರು ಮಾವ.

ಆದರೆ ಬಾಗಿಲಲ್ಲಿ ಬೇರೆಯವರಿದ್ದರು. ನರೆಗೂದಲಿನ ಗಟ್ಟಿ ಹೆಂಗಸು, ಕತ್ತಿನಲ್ಲಿ ವಿಷಲ್! ಎಲ್ಲರನ್ನೂ ಕೂರಿಸಿದ ಮೇಲೆ, ಕಂಬಿ ಹಿಡಿದು ನಿಂತಿದ್ದ ಮಾವನನ್ನು ಮೇಲಿಂದ ಕೆಳಗೆ ನೋಡಿ, ಅತ್ತೆಯ ಪಕ್ಕದ ಸೀಟಿನತ್ತ ಬೆರಳು ತೋರಿಸಿದಳು. ಮಾವ ಆ ವಿಷಲನ್ನು ನೋಡಿದರು, ಅವಳ ಮುಖ ನೋಡಿದರು.

"ಗಾಡಿ ಅವಳದ್ದು. ಕಂಡಕ್ಟರ್ ಹೇಳಿದ ಮೇಲೆ ಮಾತಿಲ್ಲ" ಎಂದು ನನ್ನ ಕಡೆ ತಿರುಗಿ ಹೇಳಿ, ಹೋಗಿ ಕೂತರು.

ಮೂವತ್ತೆಂಟು ವರ್ಷದ ಮೇಲೆ! ಅತ್ತೆ ಬ್ಯಾಗನ್ನು ಗಡಿಬಿಡಿಯಲ್ಲಿ ಮಡಿಲಿಗೆ ಎಳೆದುಕೊಂಡರು.

ಬಾಗಿಲು ತಾನಾಗಿ ಮುಚ್ಚಿತು. ಡಬ್ಬಿ ನಿಧಾನವಾಗಿ ಜಾರತೊಡಗಿತು. ಒಂದಷ್ಟು ಇಳಿದದ್ದೇ ನಡುದಾರಿಯಲ್ಲಿ ಗಕ್ಕನೆ ನಿಂತಿತು. ಸುತ್ತ ಬಂಡೆ, ಮೇಲೆ ಒಂದು ಮಂಕು ದೀಪ. ನಾನು ಹಿಂದಿನ ಸೀಟಿನಿಂದ ಬಗ್ಗಿ ಅತ್ತೆಗೆ ಧೈರ್ಯ ಹೇಳಲು ಹೋದರೆ, ನಡುಗುತ್ತಿದ್ದದ್ದು ಅತ್ತೆಯಲ್ಲ, ಮಾವ! ಎಂತೆಂಥ ತಿರುವುಗಳಲ್ಲಿ ಒಂದು ಕಾಲಲ್ಲಿ ನೇತಾಡಿದ ಮನುಷ್ಯ, ಕಣ್ಣು ಮುಚ್ಚಿ ಎದುರಿನ ಕಂಬಿಗೆ ಅಂಟಿಕೊಂಡಿದ್ದರು.

"ನಿಂತ್ರೆ ನಂಗೆ ಎಂತ ಆಗುದಿಲ್ಲ" ಎಂದು ಗೊಣಗಿದರು. "ಕೂತ್ರೆ ಗಾಡಿ ಯಾರ ಕೈಯಲ್ಲುಂಟು ಅಂತ ಗೊತ್ತಾಗುದಿಲ್ಲ."

ಅತ್ತೆ ಒಂದು ಕ್ಷಣ ಅವರನ್ನೇ ನೋಡಿದರು. ಆಮೇಲೆ ಒಂದು ಕೈಯಲ್ಲಿ ಗಂಡನ ಕೈ ಹಿಡಿದು, ಇನ್ನೊಂದು ಕೈಯಿಂದ ಡಬ್ಬಿಯ ತಗಡಿಗೆ ಟಪ್ ಟಪ್ ಎಂದು ಎರಡು ಬಡಿದು, ಬಸ್ಸು ಹೊರಡಿಸುವಾಗ ಮಾವ ಕೂಗುವ ಹಾಗೇ ಕೂಗಿದರು:

"ರೈಟ್, ಪೋಯಿ!"

ನಂಬಿದರೆ ನಂಬಿ, ಡಬ್ಬಿ ಹೊರಟಿತು! ಮೂವತ್ತು ಮಂದಿ ಉಡುಪಿಯವರು ಚಪ್ಪಾಳೆ ತಟ್ಟಿದ ಸದ್ದಿಗೆ ಆ ಸುರಂಗವೇ ಗುಂಯ್‌ಗುಟ್ಟಿತು. ವಿಷಲಿನ ಹೆಂಗಸೂ ನಕ್ಕಳು. ಕೆಳಗೆ ಗುಹೆಯಲ್ಲಿ ಸುಣ್ಣದ ಕಂಬಗಳು ಬೆಳಕಿನಲ್ಲಿ ಹೊಳೆಯುತ್ತಿದ್ದವು, ಸುಂದರವಾಗಿದ್ದವು. ಆದರೆ ನಿಜ ಹೇಳಬೇಕೆಂದರೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಮೇಲೆ ಹೋಗುವಾಗ ಮಾವ ಮತ್ತೆ ಕೂರುತ್ತಾರೋ ಇಲ್ಲವೋ?

ಕೂತರು! ಯಾರೂ ಬೆರಳು ತೋರಿಸದೆ, ಅತ್ತೆಯ ಪಕ್ಕದಲ್ಲೇ. ನನ್ನ ಎದೆಯ ಮೇಲಿಂದ ಒಂದು ಅಕ್ಕಿಮುಡಿ ಇಳಿಸಿದಂತಾಯಿತು. ಆ ನೆಮ್ಮದಿಯಲ್ಲೇ ಹಿಂದಿನಿಂದ ಕೇಳಿಬಿಟ್ಟೆ, "ಇಷ್ಟು ಸುಲಭ ಇತ್ತಲ್ವಾ ಮಾವ? ಇಷ್ಟು ವರ್ಷ ಅತ್ತೆಯ ಪಕ್ಕ ಯಾಕೆ ಕೂರಲಿಲ್ಲ?"

ಮಾವ ತಿರುಗಿ ನೋಡದೆ ಹೇಳಿದರು:

"ಪಕ್ಕದಲ್ಲಿ ಕೂತ್ರೆ ಅವಳ ಮುಖ ಕಾಣುದಿಲ್ಲ ಮಾರಾಯ್ತಿ. ಬಾಗಿಲಲ್ಲಿ ನಿಂತು ತಿರುಗಿದ್ರೆ ಪೂರ್ತಿ ಕಾಣ್ತದೆ. ಮದುವೆ ದಿನ ಕಾಪುವಿನಿಂದ ಕಾರ್ಲದವರೆಗೆ ನೋಡಿದ್ದೇನೆ. ಆಮೇಲೆ ಅದೇ ಅಭ್ಯಾಸ ಆಯ್ತು."

ಅತ್ತೆ ಬ್ಯಾಗಿನಲ್ಲಿ ಏನನ್ನೋ ಹುಡುಕತೊಡಗಿದರು; ಏನೂ ಸಿಗಲಿಲ್ಲ ಎಂದು ಕಾಣುತ್ತದೆ, ಸೆರಗಿನಲ್ಲೇ ಕಣ್ಣೊರೆಸಿಕೊಂಡರು. ಮೇಲಿನಿಂದ ಹಗಲಿನ ಬೆಳಕು ಡಬ್ಬಿಯೊಳಗೆ ಬಿದ್ದಾಗ ಮಾವ ಮೆಲ್ಲನೆ ಅತ್ತೆಯ ಕಡೆ ತಿರುಗಿ, ಚೆನ್ನಾಗಿ ನೋಡಿ, "ಹತ್ತಿರದಿಂದಲೂ ಅಡ್ಡಿಲ್ಲ" ಎಂದರು.

ಬಾಗಿಲು ತೆರೆಯಿತು. ವಿಷಲಿನ ಹೆಂಗಸು ಪಕ್ಕಕ್ಕೆ ಸರಿದು ಕಾದಳು. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಕೂರಲು ಬಾರದ ನಮ್ಮ ಮಾವ ಮಾತ್ರ ಏಳಲೇ ಇಲ್ಲ.